ಕಳ್ಳನಿಗಿಲ್ಲದ ಸರಹದ್ದು

ರಾತ್ರಿಯ ರೈಲಿನಲ್ಲಿ ನಿಮ್ಮ ಮನೆಯಾಕೆಯ ಚಿನ್ನದ ಸರ ಕಳವಾಯಿತೆನ್ನಿ. ಬೆಳಗ್ಗೆ ಇಳಿದೂರಿನ ಠಾಣೆಗೆ ಓಡಿದರೆ ‘ಅದು ನಮ್ಮ ಸರಹದ್ದಲ್ಲ’ ಎಂಬ ಉತ್ತರ! ಕಳ್ಳನಿಗಿಲ್ಲದ ಸರಹದ್ದು ಕಳೆದುಕೊಂಡವರಿಗೆ ಮಾತ್ರ ಉಂಟೆ?

ಇಲ್ಲವೆನ್ನುತ್ತದೆ ಕಾನೂನು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಪೊಲೀಸರು ತಾವಾಗಿಯೇ ತನಿಖೆ ನಡೆಸಬಹುದಾದ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದಕ್ಕೆ ಸೊನ್ನೆ ಸಂಖ್ಯೆ ಹಚ್ಚಿ ಸಂಬಂಧಪಟ್ಟ ಠಾಣೆಗೆ ಕಳುಹಿಸುತ್ತಾರೆ. ‘ಜೀರೋ ಎಫ್.ಐ.ಆರ್.’ ಎಂಬುದು ಇದೇ. ದೂರಿನ ಪ್ರತಿ ನಿಮಗೆ ಉಚಿತ.

ಠಾಣೆ ಠಾಣೆಗಳ ನಡುವಣ ನೆರವು ಹೊಸತೇನೂ ಅಲ್ಲ. ಬೇರೆ ಜಿಲ್ಲೆಯ ಠಾಣಾಧಿಕಾರಿಯನ್ನು ಕೇಳಿ ಅಲ್ಲಿ ಶೋಧ ಮಾಡಿಸಲು 1973ರ ಸಂಹಿತೆಯಲ್ಲಿಯೇ ಅವಕಾಶವಿತ್ತು. ತಡವಾದರೆ ಸಾಕ್ಷ್ಯ ನಾಶವಾದೀತೆಂದು ಕಂಡಾಗ ತಾನೇ ಹೋಗಿ ಶೋಧಿಸಿ, ಅಲ್ಲಿಯವರಿಗೆ ಕೂಡಲೇ ತಿಳಿಸಬೇಕು. ವಾರಂಟಿಲ್ಲದೆ ಹಿಡಿಯಬಹುದಾದವನನ್ನು ಭಾರತದ ಯಾವ ಮೂಲೆಗಾದರೂ ಬೆನ್ನಟ್ಟಬಹುದು. ಹೊಸ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ.

ಆದುದರಿಂದ ವಾಚಕರೆ, ‘ಆ ಠಾಣೆಗೆ ಹೋಗಿ’ ಎಂದೊಡನೆ ಹಿಂದಿರುಗಬೇಡಿ. ದೂರು ಬರೆದುಕೊಳ್ಳಲು ಒಪ್ಪದಿದ್ದರೆ ಅದರ ಸಾರಾಂಶವನ್ನು ಅಂಚೆಯ ಮೂಲಕ ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಳುಹಿಸಿ. ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದಿದೆ. ನೀವು ಠಾಣೆಯಿಂದ ಠಾಣೆಗೆ ಅಲೆಯುವ ಪ್ರತಿ ಗಳಿಗೆಯೂ ಕಳ್ಳನ ಲಾಭ.