ಕಲಾಯಿ ಹಾಕಿಸೋದು ಒಳಗೆ, ಸ್ವಾಮಿ

ಮದುವೆ ಮೆರವಣಿಗೆಗೆ ಬ್ಯಾಂಡ್‌ಸೆಟ್ ಬುಕ್ ಮಾಡುವಾಗ ನಮ್ಮ ಜನ ಏನು ಕೇಳ್ತಾರೆ, ಗಮನಿಸಿದ್ದೀರಾ? ಎಷ್ಟು ಜನ ಬರ್ತೀರಿ, ಯೂನಿಫಾರಂ ಯಾವ ಬಣ್ಣ, ವಾದ್ಯ ಎಲ್ಲ ಫಳಫಳ ಅಂತಿದ್ಯಾ? ಏನು ನುಡಿಸ್ತೀರಿ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಟ್ರಂಪೆಟ್‌ನಲ್ಲಿ ಕೈ ಹಿಡಿಯುವ ಜಾಗದ ಹೊಳಪು ಹೋಗಿದ್ದರಂತೂ ಮುಗೀತು. "ಹಳೇ ಸಾಮಾನು, ಫೋಟೋದಲ್ಲಿ ಚೆನ್ನಾಗಿ ಬರಲ್ಲ, ರೇಟ್ ಕಮ್ಮಿ ಮಾಡ್ಕೊಳ್ಳಿ." ನನ್ನ ತಕರಾರು ಇರೋದು ಈ ಮಾತಿನ ಮೇಲೆ.

ಟ್ರಂಪೆಟ್ ಅಂದರೆ ಹಿತ್ತಾಳೆ. ಸಾಮಾನ್ಯವಾಗಿ 70 ಭಾಗ ತಾಮ್ರ, 30 ಭಾಗ ಸತು. ಅದರ ಮೇಲೆ ತೆಳ್ಳಗೆ ಲ್ಯಾಕರ್ ಹೊಡೆದಿರ್ತಾರೆ, ಇಲ್ಲವೇ ಬೆಳ್ಳಿ ಲೇಪ ಕೊಟ್ಟಿರ್ತಾರೆ. ನುಡಿಸುವವರು ಮೂರು ವಾಲ್ವ್‌ಗಳ ಭಾಗವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಲ್ಲಿ ವಾಲ್ವ್ ಒತ್ತುತ್ತಾರೆ. ಬೆವರಲ್ಲಿ ಉಪ್ಪಿದೆ, ಲ್ಯಾಕ್ಟಿಕ್ ಆಮ್ಲ ಇದೆ. ಆ ಕೈ ವರ್ಷಗಟ್ಟಲೆ ತಿಕ್ಕಿದ ಜಾಗದಲ್ಲಿ ಲ್ಯಾಕರ್ ಸವೆಯದೆ ಇನ್ನೇನಾಗುತ್ತೆ? ಊರಲ್ಲಿ ಕುಡುಗೋಲಿನ ಹಿಡಿ ಸವೆದು ನುಣುಪಾಗಿದ್ದರೆ ಯಾರೂ ಅದನ್ನು ಹಾಳಾಗಿದೆ ಅನ್ನಲ್ಲ. ದುಡಿದ ಕೈಯ ಗುರುತು ಅಂತ ಎಲ್ಲರಿಗೂ ಗೊತ್ತು. ಟ್ರಂಪೆಟ್ ವಿಷಯದಲ್ಲಿ ಮಾತ್ರ ನಮಗೆ ಅದು ದರಿದ್ರವಾಗಿ ಕಾಣುತ್ತೆ.

ಈ ಹೊಳಪಿನ ಹುಚ್ಚಿಗೆ ಬೆಲೆ ಕಟ್ಟೋದು ಯಾರು? ನುಡಿಸುವವರೇ. ಪ್ರತಿ ಮದುವೆಗೆ ಮುಂಚೆ ಬ್ರಾಸೋ ಹಾಕಿ ತಿಕ್ಕಬೇಕು. ಅಂಥ ಪಾಲಿಶ್‌ನಲ್ಲಿ ಉಜ್ಜುವ ಪುಡಿ ಇರುತ್ತೆ. ಅದು ಕೊಳೆಯ ಜೊತೆ ಲ್ಯಾಕರನ್ನೂ ತೆಗೆಯುತ್ತೆ, ಬೆಳ್ಳಿ ಲೇಪವನ್ನೂ ಸವೆಸುತ್ತೆ. ಹೊಸದಾಗಿ ಲ್ಯಾಕರ್ ಹಾಕಿಸೋಣ ಅಂದರೆ ಹಳೇದನ್ನು ತೆಗೆದು ಬಫಿಂಗ್ ಮಾಡಬೇಕು. ಜಾಸ್ತಿ ಬಫ್ ಮಾಡಿದರೆ ಲೋಹವೇ ತೆಳ್ಳಗಾಗುತ್ತೆ. ಅಂದರೆ ನಮ್ಮ ಒಂದು ದಿನದ ಫೋಟೋಗೆ ಇನ್ನೊಬ್ಬರ ಅನ್ನದ ವಾದ್ಯ ಸವೆಯಬೇಕು. ಮೇಲೆ ರೇಟೂ ಕಮ್ಮಿ ಮಾಡಬೇಕು!

ಇನ್ನು ವೀಕೆಂಡ್‌ನಲ್ಲಿ ಟ್ರಂಪೆಟ್ ಕಲಿಯುವ ನಮ್ಮ ಟೆಕ್ಕಿ ಬಳಗದ ಕಥೆ ಬೇರೆ. ಒಂದು ಸ್ಕೇಲ್ ನೆಟ್ಟಗೆ ಬರುವ ಮುಂಚೆಯೇ ಲೆದರ್ ವಾಲ್ವ್ ಗಾರ್ಡ್, ಬಿಳಿ ಗ್ಲೌಸ್, ಮೂರು ಥರದ ಬಟ್ಟೆ ಆರ್ಡರ್ ಆಗಿರುತ್ತೆ. ಕಾರು ತಗೊಂಡು ಎರಡು ವರ್ಷ ಆದರೂ ಸೀಟಿನ ಪ್ಲಾಸ್ಟಿಕ್ ತೆಗೆಯದ ಜಾತಿ ನಮ್ಮದು. ಗಾರ್ಡ್ ತಪ್ಪಲ್ಲ. ಕೆಲವರ ಬೆವರು ಲೋಹವನ್ನು ಬೇಗ ತಿನ್ನುತ್ತೆ, ಅವರಿಗೆ ಬೇಕು. ಆದರೆ ಲೆದರ್ ಬೆವರು ಹೀರಿಕೊಂಡು ಲೋಹಕ್ಕೆ ಅಂಟಿಸಿ ಇಟ್ಟುಕೊಳ್ಳುತ್ತೆ. ಆಗಾಗ ಬಿಚ್ಚಿ ಒರೆಸದಿದ್ದರೆ, ಕಾಪಾಡಬೇಕಾದ ಕವರ್ ಕೆಳಗೇ ಕಲೆ ಕೂತಿರುತ್ತೆ.

ಅಸಲಿಗೆ ಟ್ರಂಪೆಟ್‌ನ ಜೀವ ತೆಗೆಯೋದು ಕೈಯಲ್ಲ, ಬಾಯಿ. ಮೌತ್‌ಪೀಸ್ ಕೂರುವ ಕೊಳವೆಗೆ ಲೀಡ್‌ಪೈಪ್ ಅಂತಾರೆ. ಉಸಿರಿನ ತೇವ, ಉಗುಳು, ತಿಂದ ತಿಂಡಿಯ ಚೂರು ಎಲ್ಲ ಮೊದಲು ಹೋಗಿ ಕೂರೋದು ಅಲ್ಲಿ. ತೊಳೆಯದೆ ಬಿಟ್ಟರೆ ಹಿತ್ತಾಳೆಯಿಂದ ಸತು ಕರಗಿ ಹೋಗಿ, ಟೊಳ್ಳಾದ ಕೆಂಪು ತಾಮ್ರ ಉಳಿಯುತ್ತೆ. ಅದಕ್ಕೆ 'ರೆಡ್ ರಾಟ್' ಅನ್ನುವ ಹೆಸರೇ ಇದೆ. ಹೊರಗೆ ಗುಲಾಬಿ ಚುಕ್ಕೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಕೆಲಸ ಕೆಟ್ಟಿರುತ್ತೆ. ಆಮೇಲೆ ಪೈಪ್ ಬದಲಾಯಿಸೋದೇ ದಾರಿ. ಹೊರಗಿನ ಯುಐ ಥಳಥಳ, ಒಳಗಿನ ಕೋಡ್ ಕೊಳೆತಿದೆ ಅನ್ನೋ ಪ್ರಾಜೆಕ್ಟ್‌ಗಳನ್ನು ನಾವೆಲ್ಲ ಕಂಡವರೇ ತಾನೇ?

ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಊರಿಗೆ ಕಲಾಯಿಯವನು ಬಂದು ತಿದಿ ಒತ್ತಿದರೆ ಹಿತ್ತಾಳೆ ಪಾತ್ರೆಗಳೆಲ್ಲ ಹೊರಗೆ ಬರ್ತಿದ್ದವು. ನವಸಾಗರ ಹಾಕಿ ತವರ ಬಳಿಸ್ತಿದ್ದದ್ದು ಒಳಗೆ, ಹುಳಿ ಕುದಿಸಿದರೆ ಕಿಲುಬು ಬರಬಾರದು ಅಂತ. ಹೊರಮೈ ಎಷ್ಟು ತಗ್ಗು ಬಿದ್ದಿದ್ದರೂ ತಲೆ ಕೆಡಿಸಿಕೊಳ್ತಿರಲಿಲ್ಲ.

ಹಾಗಂತ ಕೊಳಕೇ ಚೆಂದ ಅನ್ನುವ ಫ್ಯಾಷನ್ನಿಗೂ ನಾನು ಕೈ ಎತ್ತಲ್ಲ. ಈಗ ಲ್ಯಾಕರ್ ಇಲ್ಲದ ಟ್ರಂಪೆಟ್ಟನ್ನು ಬೇಕಂತಲೇ ಕಪ್ಪು ಮಾಡಿ, ಹಳೇದರ ಥರ ಕಾಣಿಸಿ ದುಬಾರಿಗೆ ಮಾರ್ತಾರೆ. ಅದೂ ಫೋಟೋಗೇ. ನುಡಿಸದೆ ಬಂದ ಸವೆತಕ್ಕೆ ದುಡ್ಡು ಕೊಡ್ತೀರಿ, ನುಡಿಸಿ ಬಂದ ಸವೆತಕ್ಕೆ ದುಡ್ಡು ಹಿಡೀತೀರಿ. ಇದ್ಯಾವ ನ್ಯಾಯ?

ವಾದ್ಯ ಕಾಪಾಡಬೇಕು ಅಂದರೆ ಕೆಲಸ ಸರಳ. ನುಡಿಸುವ ಮುಂಚೆ ಕೈ ತೊಳೀರಿ, ಬಾಯಿ ಮುಕ್ಕಳಿಸಿ. ಮುಗಿದ ಮೇಲೆ ಒಳಗಿನ ನೀರು ಬಿಟ್ಟು, ಮೆತ್ತನೆ ಹಳೇ ಪಂಚೆ ಚೂರಲ್ಲಿ ಹೊರಮೈ ಒರೆಸಿ. ವಾಲ್ವ್‌ಗೆ ಎಣ್ಣೆ ಬಿಡಿ. ಆಗಾಗ ಬಿಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಸೋಪು ಹಾಕಿ, ಉದ್ದ ಬ್ರಷ್‌ನಲ್ಲಿ ಕೊಳವೆ ತೊಳೀರಿ. ಬಿಸಿನೀರು ಬೇಡ, ಲ್ಯಾಕರ್ ಏಳುತ್ತೆ. ಇಷ್ಟಾದ ಮೇಲೂ ಕೈ ಹಿಡಿಯುವ ಜಾಗ ಸವೆದರೆ ಸವೀಲಿ ಬಿಡಿ. ಅಲ್ಲಿ ಲ್ಯಾಕರ್ ಹೋದ ಮಾತ್ರಕ್ಕೆ ಟ್ರಂಪೆಟ್ ಅಪಸ್ವರ ನುಡಿಯಲ್ಲ.

ಮುಂದಿನ ಸಲ ಬ್ಯಾಂಡ್ ಬುಕ್ ಮಾಡುವಾಗ ಫೋಟೋ ಕೇಳಬೇಡಿ, ಎರಡು ನಿಮಿಷ ನುಡಿಸಿ ತೋರಿಸಿ ಅನ್ನಿ. ಚೆನ್ನಾಗಿದ್ದರೆ ಅವರು ಹೇಳಿದ ರೇಟು ಚೌಕಾಸಿ ಇಲ್ಲದೆ ಕೊಡಿ. ಹಿಡಿ ಸವೆದಿರೋ ಟ್ರಂಪೆಟ್ ಕಂಡರೆ, ಈ ಮನುಷ್ಯ ಎಷ್ಟು ವರ್ಷದಿಂದ ನುಡಿಸ್ತಿರಬಹುದು ಅಂತ ಮೊದಲು ಯೋಚಿಸಿ.