ಮುಂದೆ ಕ್ಯಾಮೆರಾ ಇದೆ!

ಒಂದೇ ತಿಂಗಳಲ್ಲಿ ಎರಡು ಎಸ್ಸೆಮ್ಮೆಸ್. ಎರಡೂ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅತಿವೇಗಕ್ಕೆ ಬಿದ್ದ ದಂಡ. ಫೋಟೊದಲ್ಲಿರೋ ನಂಬರ್ ಪ್ಲೇಟ್ ನಮ್ಮದೇ, ವಾದ ಮಾಡೋ ಹಾಗಿಲ್ಲ. ಅಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಅಂತ ನನಗೂ ಗೊತ್ತು. ಆದರೆ ದುಡ್ಡಿಗಿಂತ ಹೆಚ್ಚು ತಲೆ ತಿಂದಿದ್ದು ಬೇರೆ ಪ್ರಶ್ನೆ: ಫೋನಿನ ಮ್ಯಾಪ್ ಯಾಕೆ ಎಚ್ಚರಿಸಲಿಲ್ಲ? ಮೊದಲೆಲ್ಲ ಕ್ಯಾಮೆರಾ ಹತ್ತಿರ ಬಂದ ಕೂಡಲೇ ಹೇಳುತ್ತಿತ್ತಲ್ಲ!

ಆಫೀಸಿನಲ್ಲಿ ದಿನವಿಡೀ ಬಗ್ ಹುಡುಕುವವನು ನಾನು, ಇದನ್ನು ಬಿಡ್ತೀನಾ? ಆ್ಯಪ್ ಅಪ್‌ಡೇಟ್ ಮಾಡಿದೆ, ಲೊಕೇಶನ್ ಪರ್ಮಿಷನ್ ನೋಡಿದೆ, ಅಳಿಸಿ ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಆಮೇಲೆ ಹೊಳೆಯಿತು. ಎಚ್ಚರಿಕೆ ನಿಂತಿದ್ದು, ಕಣ್ಣಿನ ತಪಾಸಣೆಗೆ ಅಂತ ಅಮ್ಮನನ್ನು ಮೈಸೂರಿನಿಂದ ಕರ್ಕೊಂಡು ಬರೋಕೆ ಶುರು ಮಾಡಿದ ಮೇಲೆ. ಅಮ್ಮನಿಗೆ ದಾರಿಯುದ್ದಕ್ಕೂ ಎಫ್‌ಎಂನಲ್ಲಿ ಹಳೇ ಹಾಡು ಬೇಕು. ಮ್ಯಾಪ್ ತನ್ನ ಮಾತನ್ನು ಬ್ಲೂಟೂತ್‌ಗೆ ಕಳಿಸುತ್ತಿತ್ತು, ಕಾರಿನ ಸ್ಟೀರಿಯೊ ಎಫ್‌ಎಂ ಹಾಡುತ್ತಿತ್ತು. ಪಾಪ, ಆ್ಯಪ್ ಹೇಳ್ತಾನೇ ಇತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೆ.

ನಿಮಗೂ ಹೀಗಾಗಿದ್ದರೆ ಮೂರು ಕಡೆ ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ಶುರು ಮಾಡಿದ ಮೇಲೆ ಕಾಣುವ ಸ್ಪೀಕರ್ ಚಿಹ್ನೆ ಒತ್ತಿದರೆ ಪೂರ್ತಿ ಮೌನ, ಎಚ್ಚರಿಕೆ ಮಾತ್ರ, ಎಲ್ಲ ಮಾತು ಅಂತ ಮೂರು ಆಯ್ಕೆ ಇವೆ. ‘ಎಡಕ್ಕೆ ತಿರುಗಿ’ ಕೇಳಿ ಬೇಜಾರಾದವರಿಗೆ ನಡುವಿನದು ಸಾಕು. ಎರಡನೆಯದು, ಸೆಟ್ಟಿಂಗ್ಸ್‌ನಲ್ಲಿ ಧ್ವನಿಯನ್ನು ಬ್ಲೂಟೂತ್‌ಗೆ ಕಳಿಸುವ ಸ್ವಿಚ್. ಅದನ್ನು ಆಫ್ ಮಾಡಿದರೆ ಫೋನೇ ಮಾತಾಡುತ್ತೆ. ಮೂರನೆಯದು, ಫೋನಿನ ವಾಲ್ಯೂಮ್. ಇಷ್ಟಾದರೂ ಮ್ಯಾಪ್‌ನಲ್ಲಿ ದಾಖಲಾಗದ ಕ್ಯಾಮೆರಾ ಬಗ್ಗೆ ಅದು ಹೇಳಲ್ಲ ಅನ್ನೋದು ನೆನಪಿರಲಿ.

ಇದನ್ನೆಲ್ಲ ಕಂಡುಹಿಡಿಯುವ ಮುಂಚೆ ಒಂದು ಸಲ ಎಚ್ಚರಿಕೆ ಇಲ್ಲದೆಯೇ ಹೋಗಿ ಬಂದಿದ್ದೆ. ಕ್ಯಾಮೆರಾ ಎಲ್ಲಿದೆಯೋ ಅನ್ನೋ ಭಯಕ್ಕೆ ದಾರಿ ಪೂರ್ತಿ 95 ದಾಟಿರಲಿಲ್ಲ. ಅಮ್ಮ ಬಿಡದಿಯಲ್ಲಿ ಮಲಗಿದವರು ಶ್ರೀರಂಗಪಟ್ಟಣದಲ್ಲಿ ಎದ್ದರು.

ಸರಿಯಾದ ಮೇಲೆ ಮುಂದಿನ ಶನಿವಾರ ಹೊರಟೆವು. ಗಾಡಿ 120ರ ಹತ್ತಿರ. ಮದ್ದೂರು ದಾಟಿದ ಮೇಲೆ ಫೋನು ‘ಮುಂದೆ ಕ್ಯಾಮೆರಾ’ ಅಂದಿತು. ಗೆದ್ದೆ ಅಂದುಕೊಂಡು ಬ್ರೇಕ್ ಒತ್ತಿದೆ. ಹಿಂದೆ ಅಂಟಿಕೊಂಡು ಬರ್ತಿದ್ದ ಕಾರು ಹಾರ್ನ್ ಬಾರಿಸುತ್ತಾ ಕೂದಲೆಳೆ ಅಂತರದಲ್ಲಿ ಪಕ್ಕಕ್ಕೆ ಹೋಯಿತು. ಅಮ್ಮನ ಮಡಿಲಲ್ಲಿದ್ದ ಡಬ್ಬಿ ಕೆಳಗೆ ಬಿತ್ತು.

“ಏನಾಯ್ತೋ?”

“ಕ್ಯಾಮೆರಾ ಇತ್ತಮ್ಮ.”

“ಹೋದ ಸಲ ಇರ್ಲಿಲ್ವಾ?”

“ಇತ್ತು. ಎಲ್ಲಿದೆ ಅಂತ ಗೊತ್ತಿರ್ಲಿಲ್ಲ.”

“ಗೊತ್ತಿಲ್ದೇ ಇದ್ದಾಗ್ಲೇ ಚೆನ್ನಾಗಿ ಓಡಿಸ್ದೆ ಕಣೋ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಲೆಕ್ಕ ಹಾಕಿದೆ. ಈ ರಸ್ತೆ ಹೆಚ್ಚುಕಡಿಮೆ 118 ಕಿ.ಮೀ. ಉದ್ದಕ್ಕೂ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಾದರೆ 59. ಉಳಿಯೋದು 12 ನಿಮಿಷ. ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲೋಕೆ ಬೇಕಾದ ದೂರ ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅಂದರೆ 120ರಲ್ಲಿ ಶೇ 44ರಷ್ಟು ಹೆಚ್ಚು. ಪಿಯುಸಿಯಲ್ಲಿ ಈ ಲೆಕ್ಕಕ್ಕೆ ಪೂರ್ತಿ ಅಂಕ ತಗೊಂಡವನು ನಾನೇ! ನಾನು ರಿಪೇರಿ ಮಾಡಿದ್ದು ಸಿಕ್ಕಿಬೀಳದೇ ಇರೋ ದಾರಿಯನ್ನ. ಅಮ್ಮನಿಗೆ ಬೇಕಿದ್ದದ್ದು ಅದಲ್ಲ.

ಎಚ್ಚರಿಕೆಯನ್ನು ನಾನು ಆಫ್ ಮಾಡಿಲ್ಲ. ಅದು ಮಾತಾಡಿದಾಗ ಕಾಲು ಬ್ರೇಕಿನ ಕಡೆ ಹೋಯಿತು ಅಂದರೆ, ಅದಕ್ಕೂ ಮುಂಚೆಯೇ ತಪ್ಪು ಮಾಡಿದ್ದೀನಿ ಅಂತ ಅರ್ಥ. ಹೋದ ವಾರ ಮೈಸೂರು ತಲುಪೋವರೆಗೂ ಕಾಲು ಅಲುಗಲಿಲ್ಲ. ಎಫ್‌ಎಂ ಹಾಡ್ತಾ ಇತ್ತು, ಅಮ್ಮ ನಿದ್ದೆಯಲ್ಲಿದ್ದರು.