ಹೆದ್ದಾರಿ ಬಿಟ್ಟು ತಿರುಗಿ
ಕುಂದಾಪುರದಿಂದ ಮರವಂತೆಗೆ ದಿನಾ ಬೆಳಿಗ್ಗೆ ಸೈಕಲ್ ತುಳಿಯುವ ಗೆಳೆಯರಿಗೆ ಈಗೀಗ ಅದೂ ಒಂದು ಡ್ಯೂಟಿಯಂತಾಗಿದೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಇಂಥ ಜಾಗವೂ ಬೇಸರ ತರಿಸುತ್ತಿದೆಯೆಂದರೆ ವಾರಕ್ಕೊಮ್ಮೆಯಾದರೂ ದಾರಿ ಬದಲಿಸಲೇಬೇಕು. ಪೂರ್ವಕ್ಕೆ ತಿರುಗಿದರೆ ಬಸ್ರೂರು. 1665ರಲ್ಲಿ ಶಿವಾಜಿಯ ಹಡಗುಗಳು ಬಂದಿಳಿದ ಹಳೆಯ ಬಂದರು. ಬ್ರಹ್ಮಾವರದವರು ಸೀತಾನದಿ ದಾಟಿದರೆ ಬಾರ್ಕೂರಿನ ಕತ್ತಲೆ ಬಸದಿ, ಬೈಂದೂರಿನವರಿಗೆ ಸೋಮೇಶ್ವರದ ಕಡಲು. ಮಕರ ಸಂಕ್ರಾಂತಿಯ ಹೊತ್ತಿಗೆ ಹೆಮ್ಮಾಡಿಯ ಒಳರಸ್ತೆ ಹಿಡಿಯಿರಿ: ಗದ್ದೆ ತುಂಬಾ ಹಳದಿ ಸೇವಂತಿಗೆ, ಮಾರಣಕಟ್ಟೆ ಜಾತ್ರೆಗಾಗಿ ಮಂಜು ಆರುವ ಮೊದಲೇ ಬಗ್ಗಿ ಹೂ ಕೊಯ್ಯುವ ಹೆಂಗಸರು. ನಿಂತು ನಾಲ್ಕು ಮಾತಾಡಿ, ಕಿಲೋಮೀಟರ್ ಲೆಕ್ಕ ಆ ದಿನದ ಮಟ್ಟಿಗೆ ಬೇಡ. ಹೊತ್ತನ್ನೂ ಬದಲಿಸಿ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಗಿನ ಗಾಳಿ ಗುಡ್ಡದ ಕಡೆಯಿಂದ, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬೀಸುತ್ತದೆ. ಸಂಜೆ ಬಸ್ರೂರಿಗೆ ಹೊರಟರೆ ಗಾಳಿಯೇ ಬೆನ್ನು ತಳ್ಳುತ್ತದೆ. ಸೈಕಲ್ಲನ್ನು ವ್ಯಾಯಾಮಕ್ಕೆ ಮಾತ್ರ ಮೀಸಲಿಡುವುದೂ ನನಗೆ ಸರಿ ಕಾಣುವುದಿಲ್ಲ. ಹಾಲು, ತರಕಾರಿ, ಪಂಚಾಯಿತಿ ಕೆಲಸಕ್ಕೂ ಅದರಲ್ಲೇ ಹೋಗಬಹುದು. ಮುಂದಿನ ಭಾನುವಾರ ಹ್ಯಾಂಡಲ್‌ಗೆ ಒಂದು ಚೀಲ ಸಿಕ್ಕಿಸಿಕೊಂಡು, ತ್ರಾಸಿ ಸುತ್ತಿ ಗಂಗೊಳ್ಳಿಗೆ ಹೋಗಿ ಮೀನು ತನ್ನಿ.